ಹದಿನೇಳು ಪಾಯಿಂಟ್ ಸೊನ್ನೆ ಒಂದು: ಅತ್ತಿಗೆಯ ಕ್ರಿಯೇಟಿವ್ ರೈಟಿಂಗ್ ಸರ್ಟಿಫಿಕೇಟಿನ ಲೆಕ್ಕ

ಇದು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಲ್ಲಿ ಕ್ರಿಯೇಟಿವ್ ರೈಟಿಂಗ್ ಸರ್ಟಿಫಿಕೇಟ್ ಮಾಡಿದ ನಮ್ಮ ಅತ್ತಿಗೆ ಕೇಸು, ಅವ್ರ ಒಪ್ಪಿಗೆ ತಗೊಂಡೇ ಬರೀತಾ ಇದೀನಿ, ಕಾಲೇಜುಗಳ ಹೆಸರು ಬೇಡ ಅಂದ್ರು ಅದಕ್ಕೆ ಹಾಕಿಲ್ಲ. ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಎಚ್4 ವೀಸಾ, ಅಂದ್ರೆ ಕೆಲಸದ ವೀಸಾ ಇರೋರ ಮನೆಯೋರಿಗೆ ಕೊಡೋ ವೀಸಾ, ಅದರ ಮೇಲೆ ಬಂದು ಕೆಲಸ ಮಾಡೋ ಹಾಗಿಲ್ಲದೆ, ಬರೆಯೋ ಆಸೆ ಇಟ್ಕೊಂಡು ಸಂಜೆ ಕ್ಲಾಸಿಗೆ ಸೇರ್ಕೊಳೋ ನಮ್ಮೋರು ಸುಮಾರು ಜನ ಇದಾರೆ, ಅವ್ರಿಗೆ ಇದು ನೇರವಾಗಿ ಉಪಯೋಗಕ್ಕೆ ಬರತ್ತೆ ಅಂತ ಪೂರ್ತಿ ವಿವರ ಹಾಕ್ತಿದೀನಿ. ನಾನು ಕೆಲಸ ಮಾಡೋದು ಇಲ್ಲಿನ ಬೇರೆ ಒಂದು ಕಾಲೇಜಿನ ರೆಕಾರ್ಡ್ಸ್ ಆಫೀಸಲ್ಲಿ, ಹಾಗಾಗಿ ಈ ಲೆಕ್ಕ ಒಳಗಿಂದ ಹೇಗೆ ನಡೆಯತ್ತೆ ಅಂತ ಗೊತ್ತು.

ಸಮಸ್ಯೆ ಇಷ್ಟು. ಸರ್ಟಿಫಿಕೇಟಿಗೆ ಬೇಕಿರೋದು 18 ಯೂನಿಟ್ (ಕೋರ್ಸ್ ಪಾಸಾದ್ರೆ ಸಿಗೋ ಕ್ರೆಡಿಟ್). ಅತ್ತಿಗೆ ಕೈಲಿರೋ ಯೂನಿಟ್ ಎಲ್ಲಾ ಕೂಡಿದ್ರೆ 24 ಬರ್ತಿತ್ತು, ಏಳು ಕೋರ್ಸು, ಎಲ್ಲದರಲ್ಲೂ ಪಾಸು. ಆದ್ರೆ ಕಾಲೇಜಿನ ಡಿಗ್ರಿ ಆಡಿಟ್ ಪೇಜ್ (ಏನು ಮುಗಿದಿದೆ, ಏನು ಬಾಕಿ ಅಂತ ತೋರಿಸೋದು) ತೆಗೆದ್ರೆ 11.67 ಅಂತ ತೋರಿಸ್ತಿತ್ತು. "ಅರ್ಧಕ್ಕರ್ಧ ಎಲ್ಲಿ ಹೋಯ್ತು ಕಣೇ, ನಾನು ಬರ್ದಿದ್ದೆಲ್ಲ ಸುಮ್ನೆ ಆಯ್ತಾ" ಅಂದ್ರು ಫೋನಲ್ಲಿ. ಸುಮ್ನೆ ಆಗಿರಲಿಲ್ಲ, ಆದ್ರೆ ಆ 24 ಅನ್ನೋ ನಂಬರ್ ಮೊದಲಿಂದಾನೂ ಇರಲೇ ಇಲ್ಲ, ಯಾಕಂದ್ರೆ ಅದರಲ್ಲಿ ಮೂರು ಥರದ ಯೂನಿಟ್ ಕಲಸಿಹೋಗಿದ್ವು.

ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜಿವೆ, ಬಹುಪಾಲು ಸೆಮಿಸ್ಟರ್ ಪದ್ಧತಿ (ಉದ್ದದ ಟರ್ಮ್), ಕೆಲವು ಮಾತ್ರ ಕ್ವಾರ್ಟರ್ (ಅದಕ್ಕಿಂತ ಚಿಕ್ಕ ಟರ್ಮ್). ನಮ್ಮ ಜನ ಜಾಸ್ತಿ ಇರೋ ಕಡೆಯೇ ನೋಡಿದ್ರೆ, ಡಿ ಆಂಜಾ ಫುಟ್‌ಹಿಲ್ ಎರಡೂ ಕ್ವಾರ್ಟರ್, ಅಲ್ಲಿಂದ ಸ್ವಲ್ಪ ದೂರದಲ್ಲೇ ಇರೋ ವೆಸ್ಟ್ ವ್ಯಾಲಿ, ಮಿಷನ್, ಎವರ್‌ಗ್ರೀನ್, ಓಲೋನಿ ಎಲ್ಲ ಸೆಮಿಸ್ಟರ್. ಅತ್ತಿಗೆ ಮೊದಲು ಒಂದು ಕ್ವಾರ್ಟರ್ ಕಾಲೇಜಲ್ಲಿ ಮೂರು ಕ್ಲಾಸ್ ತಗೊಂಡ್ರು: ಕ್ರಿಯೇಟಿವ್ ರೈಟಿಂಗ್ ಪರಿಚಯದ ಕೋರ್ಸು, ಪೊಯಟ್ರಿ ವರ್ಕ್‌ಶಾಪು, ಒಂದು ಲಿಟರೇಚರ್ ಕೋರ್ಸು, ಒಂದೊಂದೂ 4 ಯೂನಿಟ್. ಆಮೇಲೆ ಈಸ್ಟ್ ಬೇ ಕಡೆ ಮನೆ ತಗೊಂಡ್ರು, ಹಳೇ ಕಾಲೇಜಿಗೆ ಹೋಗಿಬರೋದು ಟ್ರಾಫಿಕ್ಕಲ್ಲಿ ಆಗೋ ಮಾತಲ್ಲ, ಹತ್ತಿರದ ಸೆಮಿಸ್ಟರ್ ಕಾಲೇಜಿಗೆ ಸೇರಿದ್ರು. ಅಲ್ಲಿ ಫಿಕ್ಷನ್ ವರ್ಕ್‌ಶಾಪು, ಅಡ್ವಾನ್ಸ್ಡ್ ಫಿಕ್ಷನ್, ನಾನ್‌ಫಿಕ್ಷನ್, ಒಂದೊಂದೂ 3 ಯೂನಿಟ್. ಫಿಕ್ಷನ್ ಕ್ಲಾಸು ಎಷ್ಟು ಹಿಡಿಸಿತ್ತು ಅಂದ್ರೆ ಅದನ್ನೇ ಇನ್ನೊಂದ್ಸಲ ತಗೊಳೋಣ ಅಂತ ನೋಡಿದ್ರು, ಸಿಸ್ಟಮ್ ಬಿಡಲಿಲ್ಲ. ಪಾಸಾದ ಕೋರ್ಸನ್ನ ಇಲ್ಲಿ ಮತ್ತೆ ತಗೊಳೋಕೆ ಕೆಲವೇ ಕೆಲವು ವಿನಾಯ್ತಿ ಬಿಟ್ರೆ ಅವಕಾಶ ಇಲ್ಲ, ಅದಕ್ಕೇ ಅಡ್ವಾನ್ಸ್ಡ್‌ಗೆ ಹೋಗಿದ್ದು, ಒಳ್ಳೇದೇ ಆಯ್ತು. ಏಳನೇದು ಯೂನಿವರ್ಸಿಟಿ ಎಕ್ಸ್‌ಟೆನ್ಷನ್ನಿನ (ಹೊರಗಿನೋರಿಗೂ ಕ್ಲಾಸ್ ನಡೆಸೋ ವಿಭಾಗ) ಆನ್‌ಲೈನ್ ಸಣ್ಣಕಥೆ ಕೋರ್ಸು, ಅದು 3 ಕ್ವಾರ್ಟರ್ ಯೂನಿಟ್.

ಕ್ವಾರ್ಟರ್ ಯೂನಿಟ್‌ನ ಸೆಮಿಸ್ಟರ್‌ಗೆ ತರಬೇಕಾದ್ರೆ ಮೂರರಲ್ಲಿ ಎರಡು ಭಾಗ ಮಾಡ್ತಾರೆ. ಅಂದ್ರೆ 4 ಯೂನಿಟ್ ಆಗೋದು 2.67. ಪಕ್ಕದ ಸೆಮಿಸ್ಟರ್ ಕಾಲೇಜಲ್ಲಿ ಅದೇ ಕೋರ್ಸು 3 ಯೂನಿಟ್. ಒಂದೊಂದು ಕೋರ್ಸಿಗೆ 0.33 ಹೋಯ್ತು, ಮೂರು ಕೋರ್ಸಿಗೆ ಒಂದು ಯೂನಿಟ್ಟೇ ಹೋಯ್ತು. ನನಗೆ ಇದರಲ್ಲಿ ಬೇಜಾರಾಗೋದು ಏನಂದ್ರೆ, ಕ್ಲಾಸಲ್ಲಿ ಕೂತ ಹೊತ್ತು ಲೆಕ್ಕ ಹಾಕಿ, ಕ್ವಾರ್ಟರಲ್ಲಿ ವಾರಕ್ಕೆ 4 ಗಂಟೆ 12 ವಾರ ಅಂದ್ರೆ 48 ಗಂಟೆ, ಸೆಮಿಸ್ಟರಲ್ಲಿ ವಾರಕ್ಕೆ 3 ಗಂಟೆ 16 ವಾರ ಅಂದ್ರೂ 48 ಗಂಟೆ, ಸಮಸಮ. ಆದ್ರೂ ಪೇಪರ್ ಮೇಲೆ ಒಂದು ಕಮ್ಮಿ ಒಂದು ಜಾಸ್ತಿ. ನಿಯಮದ ಪ್ರಕಾರ ಕ್ಲಾಸು, ಮನೆ ಓದು ಎಲ್ಲ ಸೇರಿ ಒಂದು ಸೆಮಿಸ್ಟರ್ ಯೂನಿಟ್‌ಗೆ ಕನಿಷ್ಠ 48 ಗಂಟೆ ಕೆಲಸ, ಕ್ವಾರ್ಟರ್ ಯೂನಿಟ್‌ಗೆ 33 ಗಂಟೆ. ದುಡ್ಡಿನ ಕಡೆಯಿಂದ ನೋಡಿದ್ರೆ ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, ಕ್ವಾರ್ಟರ್ ಯೂನಿಟ್‌ಗೆ 31. ಎಚ್4 ಇರೋರೂ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇದ್ದು, ಇಲ್ಲೇ ನೆಲೆಸೋ ಉದ್ದೇಶಕ್ಕೆ ದಾಖಲೆ ತೋರಿಸಿದ್ರೆ ಈ ನಿವಾಸಿ ರೇಟು ಸಿಗತ್ತೆ, ಇದು ಗೊತ್ತಿಲ್ದೆ ಹೊರರಾಜ್ಯದೋರ ಫೀಸು ಕಟ್ಟಿದೋರನ್ನ ನೋಡಿದೀನಿ, ಅದು ಹಲವು ಪಟ್ಟು ಜಾಸ್ತಿ.

ನಮ್ಮೂರ ಕಡೆ ಈಗ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ 2021ರಲ್ಲಿ ಬಂದಿದೆಯಲ್ಲ, ಯಾವ ಯೂನಿವರ್ಸಿಟಿಯಲ್ಲಿ ಮಾಡಿದ ಕ್ರೆಡಿಟ್ಟೂ ಒಂದೇ ಖಾತೆಗೆ ಬಂದು ಬೀಳಲಿ ಅನ್ನೋ ಯೋಚನೆ, ಒಂದು ಕ್ರೆಡಿಟ್ ಅಂದ್ರೆ 30 ಗಂಟೆ ಅಂತ ದೇಶಕ್ಕೆಲ್ಲ ಒಂದೇ ಲೆಕ್ಕ. ಇಲ್ಲಿ ವಿದ್ಯಾರ್ಥಿಗೆ ಅಂಥ ಒಂದೇ ಖಾತೆ ಇಲ್ಲ. ಪ್ರತಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟು (ಕೋರ್ಸು, ಗ್ರೇಡಿನ ಅಧಿಕೃತ ಪಟ್ಟಿ) ಬೇರೆ, ಅದನ್ನ ನೀವೇ ದುಡ್ಡು ಕಟ್ಟಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಬೇಕು, ಕಳಿಸಿದ್ದನ್ನ ಅಲ್ಲಿ ಯಾರೋ ಒಬ್ಬರು ಕೂತು ನೋಡಬೇಕು.

ನಾವು ಮೊದಲು ಮಾಡಿದ ಕೆಲಸ, ಒಟ್ಟು ಯೂನಿಟ್ ಲೆಕ್ಕ ಹಾಕೋದನ್ನ ಬಿಟ್ಟಿದ್ದು. ಸರ್ಟಿಫಿಕೇಟ್ ಅನ್ನೋದು ಒಟ್ಟು ಮೊತ್ತ ಅಲ್ಲ, ಅದು ಖಾನೆಗಳು. ಪರಿಚಯದ ಕೋರ್ಸಿಗೆ ಒಂದು ಖಾನೆ, ಎರಡು ಬೇರೆ ಬೇರೆ ಪ್ರಕಾರದ ವರ್ಕ್‌ಶಾಪಿಗೆ ಎರಡು, ಅಡ್ವಾನ್ಸ್ಡ್‌ಗೆ ಒಂದು, ಉಳಿದಿದ್ದು ಲಿಟರೇಚರ್. ಅತ್ತಿಗೆ ಹತ್ರ ಒಂದು ಗೂಗಲ್ ಶೀಟ್ ಮಾಡಿಸಿದೆ: ಕೋರ್ಸು, ಕಾಲೇಜು, ಟರ್ಮ್, ಗ್ರೇಡ್, ಅಲ್ಲಿನ ಯೂನಿಟ್, ಇಲ್ಲಿನ ಯೂನಿಟ್, ಯಾವ ಖಾನೆಗೆ, ಅದಾದ್ಮೇಲೆ ಕೊನೇ ಕಾಲಮ್ "ಯಾರು ಒಪ್ಪಿದ್ರು, ಯಾವತ್ತು". ಆ ಕೊನೇ ಕಾಲಮ್ಮೇ ಮುಖ್ಯ. ಉದಾಹರಣೆಗೆ ಪೊಯಟ್ರಿ ಸಾಲು ಹೀಗಿತ್ತು: ಪೊಯಟ್ರಿ ವರ್ಕ್‌ಶಾಪ್, ಹಳೇ ಕಾಲೇಜು, ವಿಂಟರ್, ಎ, 4, 2.67, ಖಾನೆ ಗೊತ್ತಿಲ್ಲ, ಕೊನೇ ಕಾಲಮ್ ಖಾಲಿ. ಖಾಲಿ ಇದ್ರೆ ಆ ಕೋರ್ಸು ಸರ್ಟಿಫಿಕೇಟಿಗೆ ಇನ್ನೂ ಸೇರಿಲ್ಲ ಅಂತಾನೇ ಅರ್ಥ, ಕೌನ್ಸೆಲರ್ ಬಾಯಲ್ಲಿ "ಅದು ಆಗತ್ತೆ ಬಿಡಿ" ಅಂದಿದ್ರೂ ಅಷ್ಟೇ. ಬಾಯಿಮಾತಲ್ಲಿ ಹೇಳಿದೋರು ಮುಂದಿನ ವರ್ಷ ಆ ಸೀಟಲ್ಲಿ ಇರ್ತಾರೆ ಅಂತ ಏನೂ ಇಲ್ಲ.

ಆ ಶೀಟ್ ತುಂಬಿಸ್ತಾ ಇದ್ದ ಹಾಗೆ ಒಂದೊಂದೇ ಕಾಣ್ತಾ ಬಂತು.

ಎಕ್ಸ್‌ಟೆನ್ಷನ್ ಕೋರ್ಸು ಮೊದಲು ಬಿತ್ತು. ಅತ್ತಿಗೆ ಅದನ್ನ ಮಾಡಿದ್ದು ಶಿವಮೊಗ್ಗದಲ್ಲಿ, ಅವ್ರ ಅಪ್ಪನಿಗೆ ಆಪರೇಷನ್ ಆಗಿ ನೋಡ್ಕೊಳೋಕೆ ಅಂತ ಹೋಗಿದ್ದಾಗ, ಎಲ್ಲರೂ ಮಲಗಿದ್ಮೇಲೆ ಕೂತು ಕಥೆ ಬರ್ದು ಅಪ್‌ಲೋಡ್ ಮಾಡ್ತಿದ್ರು. ಕೋರ್ಸ್ ನಂಬರ್ ನೋಡಿದ್ರೆ ಎಕ್ಸ್ ಅಕ್ಷರ ಇದ್ದು 400ರ ಸಾಲಲ್ಲಿತ್ತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಎಕ್ಸ್‌ಟೆನ್ಷನ್‌ಗಳಲ್ಲಿ 300, 400ರ ಸಾಲಿನ ಕೋರ್ಸು ಅಂದ್ರೆ ವೃತ್ತಿಪರ ಕ್ರೆಡಿಟ್ಟು, ಡಿಗ್ರಿ ಕಡೆಗೆ ಲೆಕ್ಕಕ್ಕೆ ಬರೋ ಥರದ್ದಲ್ಲ, ಕಮ್ಯುನಿಟಿ ಕಾಲೇಜು ಅದನ್ನ ತಗೊಳಲ್ಲ ಅಂದ್ರೆ ವಾದ ಮಾಡೋಕೆ ಜಾಗ ಇಲ್ಲ. ಕಲಿತಿದ್ದು ಕಲಿತ ಹಾಗೇ ಇದೆ, ಅವ್ರ ಒಳ್ಳೇ ಕಥೆ ಬಂದಿದ್ದೇ ಅಲ್ಲಿಂದ, ಆದ್ರೆ ಶೀಟಲ್ಲಿ ಸೊನ್ನೆ ಹಾಕಿ ಮುಂದಕ್ಕೆ ಹೋದ್ವಿ.

ಊರಲ್ಲಿ ಮಾಡಿದ ಬಿಎ ಬಗ್ಗೆನೂ ಕೇಳಿದ್ರು, ಐಚ್ಛಿಕ ಇಂಗ್ಲಿಷ್ ಇತ್ತಲ್ಲ ಅದರಿಂದ ಲಿಟರೇಚರ್ ಖಾನೆ ತುಂಬಲ್ವಾ ಅಂತ. ಹಳೇ ಸ್ಕೀಮಿನ ಮಾರ್ಕ್ಸ್ ಕಾರ್ಡಲ್ಲಿ ಕ್ರೆಡಿಟ್ಟೇ ಇಲ್ಲ, ವಿಷಯದ ಹೆಸರು "ಪತ್ರಿಕೆ 3" ಅಂತ ಇದ್ರೆ ಇಲ್ಲಿನ ಇಂಗ್ಲಿಷ್ ಡಿಪಾರ್ಟ್‌ಮೆಂಟ್‌ನೋರಿಗೆ ಅದರಲ್ಲಿ ಏನು ಓದಿದ್ದು ಅಂತ ತಿಳಿಯೋದು ಹೇಗೆ. ಇವ್ಯಾಲ್ಯುಯೇಷನ್ ಸಂಸ್ಥೆಗೆ ದುಡ್ಡು ಕಟ್ಟಿ, ಊರಿಂದ ಸಿಲಬಸ್ ತರಿಸಿ, ಅಷ್ಟೆಲ್ಲ ಮಾಡೋ ಹೊತ್ತಿಗೆ ಇಲ್ಲೇ ಒಂದು ಕೋರ್ಸ್ ಮುಗಿದಿರತ್ತೆ. ಬೇಡ ಅಂದೆ.

ಮುಂದಿನದು ಲಿಟರೇಚರ್. ಆಡಿಟಲ್ಲಿ ಆ ಕೋರ್ಸು ಇತ್ತು ಆದ್ರೆ ಗ್ರೇಡ್ ಜಾಗದಲ್ಲಿ ಏನೂ ಇರಲಿಲ್ಲ. ಕಾರಣ ತುಂಬಾ ಸಣ್ಣದು: ಹಳೇ ಕಾಲೇಜಿಂದ ಟ್ರಾನ್ಸ್‌ಕ್ರಿಪ್ಟ್ ಕಳಿಸಿದ್ದು ಆ ಕ್ವಾರ್ಟರ್ ಮುಗಿಯೋ ಮುಂಚೆ, ಆಗ ಅದು "ನಡೀತಾ ಇದೆ" ಅಂತ ಹೋಗಿದೆ, ಗ್ರೇಡ್ ಬಂದ್ಮೇಲೆ ಇನ್ನೊಂದ್ಸಲ ಕಳಿಸಿಲ್ಲ. ಯಾರೂ ನಿಮಗೆ ಫೋನ್ ಮಾಡಿ ಗ್ರೇಡ್ ಬಂದಿಲ್ಲ ಅಂತ ಹೇಳಲ್ಲ. ನಮ್ಮ ಆಫೀಸಲ್ಲೂ ಇಂಥದ್ದು ಪ್ರತಿ ಸೆಮಿಸ್ಟರ್ ನೋಡ್ತೀನಿ, ಟ್ರಾನ್ಸ್‌ಕ್ರಿಪ್ಟ್ ಆರ್ಡರ್ ಮಾಡೋವಾಗ "ಗ್ರೇಡ್ ಬರೋವರೆಗೂ ತಡೆದು ಕಳಿಸಿ" ಅನ್ನೋ ಆಯ್ಕೆ ಇದ್ರೆ ದಯವಿಟ್ಟು ಅದನ್ನ ಒತ್ತಿ. ಮತ್ತೆ ಕಳಿಸಿದ್ರು, ಗ್ರೇಡ್ ಬಂತು.

ಪೊಯಟ್ರಿ ಅಷ್ಟು ಸುಲಭ ಇರಲಿಲ್ಲ. ಪರಿಚಯದ ಕೋರ್ಸಿಗೆ ಸಿ-ಐಡಿ ಅಂತ ರಾಜ್ಯದ ಕಮ್ಯುನಿಟಿ ಕಾಲೇಜುಗಳಿಗೆಲ್ಲ ಸಾಮಾನ್ಯವಾದ ಒಂದು ಗುರುತಿನ ಸಂಖ್ಯೆ ಇತ್ತು, ಹಾಗಾಗಿ ಅದು ತಾನಾಗೇ ಸರಿಯಾದ ಖಾನೆಗೆ ಕೂತಿತ್ತು. ಪೊಯಟ್ರಿ ವರ್ಕ್‌ಶಾಪಿಗೆ ಅದಿರಲಿಲ್ಲ, ಅದಕ್ಕೆ ಅದು ಪೇಜಿನ ತೀರಾ ಕೆಳಗೆ "ಬಳಕೆಯಾಗದ ಕೋರ್ಸುಗಳು" ಅನ್ನೋ ಕಡೆ ಬಿದ್ದಿತ್ತು. ಎಷ್ಟೋ ಜನ ಆ ಪೇಜನ್ನ ಅಲ್ಲೀವರೆಗೂ ಸ್ಕ್ರಾಲ್ ಮಾಡೋದೇ ಇಲ್ಲ. ಇನ್ನೊಂದು, ಅಸಿಸ್ಟ್ ಅನ್ನೋ ವೆಬ್‌ಸೈಟಲ್ಲಿ ನೋಡಿದೆ ಅಲ್ಲಿ ಇದೆ ಅಂತ ಅತ್ತಿಗೆ ಹೇಳ್ತಿದ್ರು, ಆದ್ರೆ ಅಸಿಸ್ಟ್ ಇರೋದು ಕಮ್ಯುನಿಟಿ ಕಾಲೇಜಿಂದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕಡೆ ಹೋಗೋರಿಗೆ, ಒಂದು ಕಮ್ಯುನಿಟಿ ಕಾಲೇಜಿಂದ ಇನ್ನೊಂದಕ್ಕೆ ಅದು ಉತ್ತರ ಕೊಡಲ್ಲ.

ಅದಕ್ಕೆ ಬೇಕಿದ್ದು ಸಬ್‌ಸ್ಟಿಟ್ಯೂಷನ್ ಪಿಟಿಷನ್, ಅಂದ್ರೆ ನಿಮ್ಮ ಆ ಕೋರ್ಸಿನ ಬದಲು ನನ್ನ ಈ ಕೋರ್ಸನ್ನ ಒಪ್ಕೊಳಿ ಅಂತ ಡಿಪಾರ್ಟ್‌ಮೆಂಟಿಗೆ ಅರ್ಜಿ. ಇದನ್ನ ಅವ್ರೇ ಹಾಕಬೇಕು. ನಾನು ಅದೇ ಫೀಲ್ಡಲ್ಲಿ ಇದ್ರೂ ಅವ್ರ ಕಾಲೇಜಿಗೆ ಫೋನ್ ಮಾಡಿ ವಿಚಾರಿಸೋ ಹಾಗಿಲ್ಲ, 1974ರ ಫರ್ಪಾ ಕಾನೂನಿದೆ, ವಿದ್ಯಾರ್ಥಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡದೆ ಗಂಡನಿಗೂ ಹೇಳಲ್ಲ ನಾದಿನಿಗೂ ಹೇಳಲ್ಲ. ಹಾಗಾಗಿ ನಾನು ಪಕ್ಕದಲ್ಲಿ ಕೂತೆ, ಅವ್ರು ಬರೆದ್ರು. ಸಿಲಬಸ್ ಲಗತ್ತಿಸಿ ಅಂತ ಇತ್ತು, ಹಳೇ ಕಾಲೇಜಿನ ಕ್ಯಾನ್ವಸ್ (ಕ್ಲಾಸಿನ ಪಾಠ ಹಾಕೋ ವೆಬ್‌ಸೈಟು) ಲಾಗಿನ್ ಬಂದ್ ಆಗಿತ್ತು, ಸಿಲಬಸ್ ಡೌನ್‌ಲೋಡ್ ಮಾಡಿಟ್ಟಿರಲಿಲ್ಲ. ಇಂಥ ಕಡೆ ಕೈ ಹಿಡಿಯೋದು ಕೋರ್ಸ್ ಔಟ್‌ಲೈನ್ ಆಫ್ ರೆಕಾರ್ಡ್. ಕ್ಯಾಲಿಫೋರ್ನಿಯಾದ ಪ್ರತಿ ಕಮ್ಯುನಿಟಿ ಕಾಲೇಜು ಪ್ರತಿ ಕೋರ್ಸಿಗೂ ಇಂಥ ಅಧಿಕೃತ ದಾಖಲೆ ಇಟ್ಟಿರಲೇಬೇಕು, ಎಷ್ಟು ಗಂಟೆ, ಏನೇನು ಪಾಠ, ಎಷ್ಟು ಬರವಣಿಗೆ, ಯಾವ ಥರ ಮೌಲ್ಯಮಾಪನ ಎಲ್ಲ ಅದರಲ್ಲಿರತ್ತೆ, ಬಹಳಷ್ಟು ಕಾಲೇಜುಗಳಲ್ಲಿ ಯಾರು ಬೇಕಾದ್ರೂ ನೋಡಬಹುದು. ಒಂದೇ ಎಚ್ಚರಿಕೆ, ನೀವು ಓದಿದ ವರ್ಷದ್ದೇ ಆಗಿರಬೇಕು, ಆಮೇಲೆ ಬದಲಾಗಿದ್ರೆ ಹೊಸದು ನಡೆಯಲ್ಲ. ಎರಡೂ ಕಾಲೇಜಿನ ಔಟ್‌ಲೈನ್ ಅಕ್ಕಪಕ್ಕ ಇಟ್ಟು ಯಾವ ಅಂಶ ಎಲ್ಲಿದೆ ಅಂತ ಗುರುತು ಹಾಕಿ, ಜೊತೆಗೆ ಆ ಕ್ಲಾಸಲ್ಲಿ ಬರೆದ ಪದ್ಯಗಳನ್ನ, ಮೇಷ್ಟ್ರು ಪಕ್ಕದಲ್ಲಿ ಬರೆದ ಟಿಪ್ಪಣಿ ಸಮೇತ ಸ್ಕ್ಯಾನ್ ಮಾಡಿ ಹಾಕಿದ್ರು. ಪದ್ಯ ಹಾಕಿ ಅಂತ ಯಾರೂ ಕೇಳಿರಲಿಲ್ಲ, ಹಾಕಿದ್ದು ಒಳ್ಳೇದಾಯ್ತು ಅಂತ ನನಗನಿಸತ್ತೆ, ಡಿಪಾರ್ಟ್‌ಮೆಂಟಲ್ಲಿ ಅದನ್ನ ಓದೋರೂ ಬರೆಯೋರೇ ತಾನೇ. ಪಿಟಿಷನ್ ಪಾಸಾಯ್ತು.

ಇದೆಲ್ಲಕ್ಕಿಂತ ದೊಡ್ಡ ವಿಷಯ ಕ್ಯಾಟಲಾಗ್ (ಕಾಲೇಜಿನ ಕೋರ್ಸು, ನಿಯಮಗಳ ಪುಸ್ತಕ) ವರ್ಷ. ಸರ್ಟಿಫಿಕೇಟಿನ ನಿಯಮ ವರ್ಷ ವರ್ಷ ಬದಲಾಗಬಹುದು, ವಿದ್ಯಾರ್ಥಿ ಸೇರಿದ ವರ್ಷದ ಕ್ಯಾಟಲಾಗ್ ಪ್ರಕಾರ ಮುಗಿಸೋ ಹಕ್ಕು ಇರತ್ತೆ, ಇದನ್ನ ಕ್ಯಾಟಲಾಗ್ ರೈಟ್ಸ್ ಅಂತಾರೆ, ಆದ್ರೆ ಮಧ್ಯೆ ಬಿಡದೆ ಓದ್ತಾ ಇರಬೇಕು. ಅತ್ತಿಗೆ ಸೇರಿದಾಗ ಇದ್ದಿದ್ದು ಒಂದು ಲಿಟರೇಚರ್, ಒಂದು ಇಷ್ಟದ ಬರವಣಿಗೆ ಕೋರ್ಸು. ಹೊಸ ಕ್ಯಾಟಲಾಗಲ್ಲಿ ಇಷ್ಟದ ಕೋರ್ಸ್ ತೆಗೆದು ಎರಡು ಲಿಟರೇಚರ್ ಮಾಡಿದ್ರು. ಅತ್ತಿಗೆ ಶಿವಮೊಗ್ಗಕ್ಕೆ ಹೋಗಿ ಒಂದು ಫಾಲ್ (ವರ್ಷದ ಕೊನೇ ಸೆಮಿಸ್ಟರ್), ಒಂದು ಸ್ಪ್ರಿಂಗ್ (ವರ್ಷದ ಮೊದಲ ಸೆಮಿಸ್ಟರ್) ಬಿಟ್ಟಿದ್ರು, ವಾಪಸ್ ಬಂದು ಸಮ್ಮರಲ್ಲಿ ನಾನ್‌ಫಿಕ್ಷನ್ ತಗೊಳೋಕೆ ಮತ್ತೆ ಅಪ್ಲಿಕೇಷನ್ ಹಾಕಬೇಕಾಯ್ತು, ಅಷ್ಟೊತ್ತಿಗೆ ಸಿಸ್ಟಮ್ ತಾನಾಗೇ ಅವ್ರನ್ನ ಹೊಸ ಕ್ಯಾಟಲಾಗಿಗೆ ಎತ್ತಿ ಹಾಕಿತ್ತು. ಆಡಿಟ್ ಹೊಸ ನಿಯಮದ ಮೇಲೆ ಓಡ್ತಾ ಇತ್ತು, ಅದಕ್ಕೇ ಅಷ್ಟು ಖಾಲಿ ಕಾಣ್ತಿದ್ದದ್ದು.

ಕೌಂಟರಲ್ಲಿ ಕೇಳಿದಾಗ ಎರಡು ಸೆಮಿಸ್ಟರ್ ಬಿಟ್ಟಿದೀರಲ್ಲ, ಹಕ್ಕು ಹೋಯ್ತು ಅಂದಿದ್ರಂತೆ. ನಾನು ಕ್ಯಾಟಲಾಗ್ ತೆಗೆದು ಆ ಪ್ಯಾರಾ ಓದಿದೆ. ಅಲ್ಲಿ ಬರೆದಿದ್ದು, ಪ್ರತಿ ಕ್ಯಾಲೆಂಡರ್ ವರ್ಷದಲ್ಲಿ ಸಮ್ಮರ್ ಸೇರಿ ಯಾವುದಾದ್ರೂ ಒಂದು ಟರ್ಮಲ್ಲಿ ಓದಿದ್ರೆ ಸಾಕು ಅಂತ. ಜೂನ್‌ನಿಂದ ಮೇ ಅಂತ ಶೈಕ್ಷಣಿಕ ವರ್ಷ ಅಲ್ಲ, ಜನವರಿಯಿಂದ ಡಿಸೆಂಬರ್. ಅತ್ತಿಗೆ ಹೋಗೋ ಮುಂಚಿನ ಸ್ಪ್ರಿಂಗಲ್ಲಿ ಅಡ್ವಾನ್ಸ್ಡ್ ಫಿಕ್ಷನ್ ಓದಿದಾರೆ, ಮುಂದಿನ ವರ್ಷ ಬಂದು ಸಮ್ಮರಲ್ಲಿ ಓದಿದಾರೆ, ಎರಡು ಕ್ಯಾಲೆಂಡರ್ ವರ್ಷದಲ್ಲೂ ಒಂದೊಂದು ಟರ್ಮ್ ಇದೆ, ಹಕ್ಕು ಎಲ್ಲೂ ಹೋಗಿಲ್ಲ. ಆ ಪ್ಯಾರಾನೇ ಕಾಪಿ ಮಾಡಿ, ಪೇಜ್ ನಂಬರ್ ಹಾಕಿ, ಎರಡು ಟರ್ಮಿನ ಹೆಸರು ಬರೆದು ಇವ್ಯಾಲ್ಯುಯೇಟರ್‌ಗೆ (ಕೋರ್ಸು, ಯೂನಿಟ್ ಲೆಕ್ಕ ನೋಡೋ ಕಾಲೇಜಿನ ಸಿಬ್ಬಂದಿ) ಮೇಲ್ ಹಾಕಿದ್ರು, ಬೇರೆ ಏನೂ ಬರೀಲಿಲ್ಲ, ಬೇಡಿಕೊಳೋದೂ ಇಲ್ಲ ದೂರೋದೂ ಇಲ್ಲ. ಹಳೇ ಕ್ಯಾಟಲಾಗಿಗೆ ಬದಲಾಯಿಸಿ ಉತ್ತರ ಬಂತು. ಕಾಲೇಜಿಂದ ಕಾಲೇಜಿಗೆ ಈ ನಿಯಮ ಬೇರೆ ಇರತ್ತೆ, ಹಾಗಾಗಿ ನಿಮ್ಮದು ಏನು ಹೇಳತ್ತೆ ಅಂತ ನೀವೇ ಓದಿ, ಕೌಂಟರಿನ ಮಾತು ಕೇಳಿ ವಾಪಸ್ ಬರಬೇಡಿ. ಅಪ್ಪನ ಆರೈಕೆಗೆ ಹೋದ ಹೆಣ್ಣುಮಗಳು ಅದೇ ಕಾರಣಕ್ಕೆ ಒಂದು ಕೋರ್ಸ್ ಜಾಸ್ತಿ ಮಾಡಬೇಕಾಗಿ ಬರೋದು ಅಂದ್ರೆ ನನಗೆ ತಡ್ಕೊಳೋಕೆ ಆಗ್ತಿರಲಿಲ್ಲ, ನಿಯಮದಲ್ಲೇ ಜಾಗ ಇದ್ದಿದ್ದು ನೋಡಿ ಎಷ್ಟು ನೆಮ್ಮದಿ ಆಯ್ತು ಅಂತ ಹೇಳೋಕಾಗಲ್ಲ.

ಈಗ ಎಲ್ಲ ಖಾನೆನೂ ತುಂಬಿತು. ಪರಿಚಯ 2.67, ಫಿಕ್ಷನ್ 3, ನಾನ್‌ಫಿಕ್ಷನ್ 3 (ಅದನ್ನ ಗ್ರೇಡ್ ಇಲ್ದೆ ಬರೀ ಪಾಸ್ ಅಂತ ತಗೊಂಡಿದ್ರು, ಇಲ್ಲಿ ಪಾಸ್ ಅಂದ್ರೆ ಸಿ ಅಥವಾ ಮೇಲೆ, ತೊಂದ್ರೆ ಇರಲಿಲ್ಲ), ಅಡ್ವಾನ್ಸ್ಡ್ 3, ಲಿಟರೇಚರ್ 2.67, ಇಷ್ಟದ ಕೋರ್ಸಿನ ಜಾಗಕ್ಕೆ ಪೊಯಟ್ರಿ 2.67. ಪ್ರತಿ ಸಾಲಿನ ಪಕ್ಕ ಹಸಿರು ಟಿಕ್ ಮಾರ್ಕ್. ಆದ್ರೆ ಮೇಲ್ಗಡೆ ಒಟ್ಟು: 17.01. ಬೇಕಿದ್ದು 18.

ಪಿಟಿಷನ್ ಪಾಸಾದ್ರೆ ಕೋರ್ಸು ಖಾನೆ ತುಂಬತ್ತೆ, ಯೂನಿಟ್ ಮಾತ್ರ ಹುಟ್ಟಲ್ಲ. ವಿಷಯ ಸಮ ಅಂತ ಒಪ್ಪೋ ಅಧಿಕಾರ ಡಿಪಾರ್ಟ್‌ಮೆಂಟಿಗಿದೆ, 2.67ನ 3 ಅಂತ ಬರೆಯೋ ಅಧಿಕಾರ ಅವ್ರಿಗಿಲ್ಲ. ಕ್ವಾರ್ಟರಿಂದ ಸೆಮಿಸ್ಟರಿಗೆ ಬರೋರು ಸಿಕ್ಕಿಹಾಕ್ಕೊಳೋದು ಇಲ್ಲೇ, ಎಲ್ಲ ಟಿಕ್ ಆಗಿದೆ ಅಂತ ಅಪ್ಲೈ ಮಾಡಿ ಸುಮ್ನೆ ಕಾಯ್ತಾ ಇರ್ತಾರೆ, ಸೆಮಿಸ್ಟರ್ ಮುಗಿದ್ಮೇಲೆ ತಿರಸ್ಕಾರದ ಮೇಲ್ ಬರತ್ತೆ.

0.99 ಯೂನಿಟ್‌ಗೆ ಏನೇನು ದಾರಿ ಅಂತ ಕೂತು ನೋಡಿದ್ವಿ. ಇನ್ನೊಂದು 3 ಯೂನಿಟ್ ಲಿಟರೇಚರ್ ತಗೊಂಡ್ರೆ 138 ಡಾಲರ್, ಅದಕ್ಕಿಂತ ಹೆಚ್ಚಾಗಿ ನಿಯಮದ ಲೆಕ್ಕದಲ್ಲೇ 144 ಗಂಟೆ ಕೆಲಸ. ಮೇಷ್ಟ್ರ ಹತ್ರ ಕೇಳಿ 1 ಯೂನಿಟ್ ಸ್ವತಂತ್ರ ಅಧ್ಯಯನ ಮಾಡಬಹುದಿತ್ತು, ಅದು ಅವ್ರು ಒಪ್ಪಿದ್ರೆ ಮಾತ್ರ. ನಾನು ಹಳೇ ಕ್ಯಾಟಲಾಗಿನ ಇಷ್ಟದ ಕೋರ್ಸುಗಳ ಪಟ್ಟಿ ಪೂರ್ತಿ ಓದಿ ಅಂದೆ. ಅದರ ಕೊನೇಲಿ ಸಾಹಿತ್ಯ ಪತ್ರಿಕೆ ತರೋ ಕ್ಲಾಸು ಇತ್ತು, 2 ಯೂನಿಟ್, 92 ಡಾಲರ್ ಜೊತೆಗೆ ಸಣ್ಣಪುಟ್ಟ ಫೀಸು. ಸೇರೋ ಮುಂಚೆ ಇವ್ಯಾಲ್ಯುಯೇಟರ್‌ಗೆ ಒಂದು ಮೇಲ್: ಇದು ತಗೊಂಡ್ರೆ ನನ್ನ ಒಟ್ಟು 19.01 ಆಗತ್ತೆ, ಸರ್ಟಿಫಿಕೇಟ್ ಪೂರ್ತಿ ಆಗತ್ತೆ, ಹೌದಾ? ಹೌದು ಅಂತ ಒಂದೇ ಸಾಲಿನ ಉತ್ತರ ಬಂತು. ಶೀಟಿನ ಕೊನೇ ಕಾಲಮಲ್ಲಿ ಆ ತಾರೀಖು ಬಿತ್ತು, ಆಮೇಲೇ ರಿಜಿಸ್ಟರ್ ಮಾಡಿದ್ದು.

ಆ ಕ್ಲಾಸು ಅವ್ರಿಗೆ ಎಷ್ಟು ಹಿಡಿಸ್ತು ಅಂದ್ರೆ ಯೂನಿಟ್ ವಿಷಯ ಮರೆತೇಹೋಗಿತ್ತು. ಕಾಲೇಜಿನ ವಿದ್ಯಾರ್ಥಿಗಳು ಕಳಿಸಿದ ಕಥೆ ಪದ್ಯಗಳನ್ನ ಹೆಸರು ಮುಚ್ಚಿ ಹಂಚ್ತಾರೆ, ಎಲ್ಲರೂ ಓದ್ಕೊಂಡು ಬಂದು ಮೇಜಿನ ಸುತ್ತ ಕೂತು ಚರ್ಚೆ ಮಾಡಿ ಇದು ಇರಲಿ ಇದು ಬೇಡ ಅಂತ ನಿರ್ಧಾರ ಮಾಡ್ತಾರೆ. ನರ್ಸಿಂಗ್ ಓದೋ ಹುಡುಗ ಬರೆದ ರಾತ್ರಿ ಪಾಳಿ ಬಗ್ಗೆ ಪದ್ಯ ಒಂದಿತ್ತಂತೆ, ಕೊನೇ ನಾಲ್ಕು ಸಾಲು ತೆಗೆದ್ರೆ ಚೆನ್ನಾಗಾಗತ್ತೆ ಅಂತ ಅತ್ತಿಗೆ ವಾದ ಮಾಡಿ, ಹುಡುಗ ಒಪ್ಪಿ, ಹಾಗೇ ಅಚ್ಚಾಯ್ತು. ಬೇಡ ಅಂದ ಕಥೆಗಳ ಲೇಖಕರಿಗೆ ಪತ್ರ ಬರೆಯೋ ಕೆಲಸನೂ ಇವ್ರ ಪಾಲಿಗೆ ಬಂದಿತ್ತು, ಒಂದೊಂದಕ್ಕೂ ಏನು ಚೆನ್ನಾಗಿದೆ ಅಂತ ಹುಡುಕಿ ಬರೀತಿದ್ರು. ಮಯೂರ, ತುಷಾರ ಓದ್ಕೊಂಡು ಬೆಳೆದೋರು, ಸಂಪಾದಕರ ಕಡೆಯಿಂದ ಕೂತು ನೋಡಿದ್ದು ಅದೇ ಮೊದಲು.

ಸರ್ಟಿಫಿಕೇಟ್ ತಾನಾಗೇ ಬರತ್ತೆ ಅಂತ ಕೂರೋ ಹಾಗಿಲ್ಲ, ಬಹಳಷ್ಟು ಕಾಲೇಜುಗಳಲ್ಲಿ ಬೇರೆ ಅರ್ಜಿ ಹಾಕಬೇಕು, ಅದಕ್ಕೂ ಕೊನೇ ದಿನಾಂಕ ಇರತ್ತೆ, ಅದು ಸೆಮಿಸ್ಟರ್ ಮಧ್ಯದಲ್ಲೇ ಮುಗಿದುಹೋಗತ್ತೆ. ಅತ್ತಿಗೆ ಸೆಮಿಸ್ಟರ್ ಶುರುವಾದ ತಕ್ಷಣ ಹಾಕಿದ್ರು, ಜೊತೆಗೆ ಪಿಟಿಷನ್ ಒಪ್ಪಿಗೆ, ಕ್ಯಾಟಲಾಗ್ ಬದಲಾವಣೆ ಮೇಲ್, 19.01ರ ಮೇಲ್ ಮೂರನ್ನೂ ಪಿಡಿಎಫ್ ಮಾಡಿ ಲಗತ್ತಿಸಿದ್ರು, ಯಾಕಂದ್ರೆ ಆ ಹೊತ್ತಿಗೆ ಇವ್ಯಾಲ್ಯುಯೇಟರ್ ಬೇರೆಯೋರು ಬಂದಿದ್ರು. ಹೊಸಬರು ಒಂದು ಪ್ರಶ್ನೆನೂ ಕೇಳಲಿಲ್ಲ. ಗ್ರೇಡ್ ಬಂದು ಕೆಲವು ವಾರಕ್ಕೆ ಟ್ರಾನ್ಸ್‌ಕ್ರಿಪ್ಟಲ್ಲಿ "ಸರ್ಟಿಫಿಕೇಟ್ ಆಫ್ ಅಚೀವ್‌ಮೆಂಟ್, ಕ್ರಿಯೇಟಿವ್ ರೈಟಿಂಗ್" ಅಂತ ಸಾಲು ಬಂತು, ಕಾಗದ ಪೋಸ್ಟಲ್ಲಿ ಆಮೇಲೆ ಬಂತು.

ಅದೇ ಶೀಟನ್ನ ಹೆಸರು, ಗ್ರೇಡ್ ಅಳಿಸಿ ಖಾಲಿ ಮಾಡಿ ಇಟ್ಟಿದೀವಿ. ಅತ್ತಿಗೆ ಜೊತೆ ಕ್ಲಾಸಲ್ಲಿದ್ದ ಹಾಸನದ ಕಡೆಯ ಒಬ್ಬರು ಈಗ ಅದನ್ನ ತುಂಬಿಸ್ತಾ ಇದಾರೆ, ಅವ್ರದ್ದೂ ಕ್ವಾರ್ಟರ್ ಕಾಲೇಜಿಂದ ಬಂದ ಎರಡು ಕೋರ್ಸಿವೆ, ಅಂದ್ರೆ 0.66 ಕಮ್ಮಿ ಬೀಳತ್ತೆ ಅಂತ ಮೊದಲೇ ಬರೆದಿಟ್ಕೊಂಡಿದಾರೆ, ಯಾವ ಕೋರ್ಸಿಂದ ತುಂಬಿಸಬೇಕು ಅಂತ ಕೌನ್ಸೆಲರ್‌ಗೆ ಮೇಲ್ ಹಾಕಿ ಉತ್ತರಕ್ಕೆ ಕಾಯ್ತಿದಾರೆ.